ಚರ್ಮದ ಆರೋಗ್ಯ ಮತ್ತು ‘ಎ’ ಜೀವಸತ್ವದ ಪ್ರಮಾಣ

‘ಎ’ ಜೀವಸತ್ವವೆಂದೊಡನೆ ನೆನಪಾಗುವುದು ಇರುಳುಗುರುಡು. ಅದೇ ಜೀವಸತ್ವವು ಚರ್ಮದ ಬೆಳವಣಿಗೆಯನ್ನೂ ನಿಯಂತ್ರಿಸುತ್ತದೆ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಚರ್ಮದ ಹೊರಪದರದ ತಳದಲ್ಲಿ ಜೀವಕೋಶಗಳು ನಿರಂತರವಾಗಿ ವಿಭಜನೆಗೊಳ್ಳುತ್ತಿರುತ್ತವೆ. ಹೊಸ ಕೋಶಗಳು ಮೇಲಕ್ಕೆ ಸರಿಯುತ್ತಾ, ಕೆರಾಟಿನ್ ಎಂಬ ಗಡುಸಾದ ಪ್ರೋಟೀನಿನಿಂದ ತುಂಬಿಕೊಂಡು, ಕೊನೆಗೆ ಹೊಟ್ಟಿನಂತೆ ಉದುರಿಹೋಗುತ್ತವೆ. ಆಹಾರದಿಂದ ಬಂದ ‘ಎ’ ಜೀವಸತ್ವವನ್ನು ದೇಹವು ರೆಟಿನಾಯಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತದೆ. ಈ ಆಮ್ಲವು ಕೋಶಕೇಂದ್ರದಲ್ಲಿರುವ ಗ್ರಾಹಕಗಳೊಡನೆ ಕೂಡಿಕೊಂಡು, ಯಾವ ವಂಶವಾಹಿಯು ಕಾರ್ಯಪ್ರವೃತ್ತವಾಗಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ನಿರ್ದೇಶಿಸುತ್ತದೆ. ಆದುದರಿಂದಲೇ ಪ್ರಮಾಣದಲ್ಲಿನ ಹೆಚ್ಚುಕಡಮೆಯು ಕೋಶಗಳ ಸ್ವರೂಪವನ್ನೇ ಬದಲಿಸಬಲ್ಲದು.

1925ರಲ್ಲಿ ಅಮೆರಿಕದ ವೋಲ್ಬಾಕ್ ಮತ್ತು ಹೋವ್ ಅವರು ಈ ಜೀವಸತ್ವವಿಲ್ಲದ ಆಹಾರವನ್ನು ಇಲಿಗಳಿಗೆ ನೀಡಿ ನೋಡಿದರು. ಶ್ವಾಸನಾಳವೇ ಮೊದಲಾದ ಅಂಗಗಳ ತೇವವಾದ ಒಳಪೊರೆಯು ಒಣಗಿ, ಗಡುಸಾಗಿ, ಚರ್ಮದಂತಾಯಿತು. 1953ರಲ್ಲಿ ಇಂಗ್ಲೆಂಡಿನ ಹಾನರ್ ಫೆಲ್ ಮತ್ತು ಎಡ್ವರ್ಡ್ ಮೆಲನ್‌ಬಿ ಅವರು ಕಂಡದ್ದು ಇದಕ್ಕೆ ತದ್ವಿರುದ್ಧ. ಕೋಳಿಯ ಭ್ರೂಣದ ಚರ್ಮದ ತುಣುಕನ್ನು ಅಧಿಕ ‘ಎ’ ಜೀವಸತ್ವದಲ್ಲಿ ಬೆಳೆಸಿದಾಗ ಅದು ಕೆರಾಟಿನ್ ಕಟ್ಟುವುದನ್ನು ಬಿಟ್ಟು ಲೋಳೆಯನ್ನು ಸ್ರವಿಸತೊಡಗಿತು!

ಕೊರತೆಯುಂಟಾದಾಗ ಚರ್ಮವು ಒಣಗಿ ಒರಟಾಗುತ್ತದೆ. ಮೊಣಕೈ, ಮೊಣಕಾಲು, ತೊಡೆಗಳಲ್ಲಿ ಕೂದಲಿನ ಬುಡಗಳು ಮುಚ್ಚಿಕೊಂಡು ಮುಳ್ಳಿನಂತಹ ಗುಳ್ಳೆಗಳೇಳಬಹುದು. ವೈದ್ಯರು ಇದನ್ನು ಫ್ರಿನೋಡರ್ಮ, ಎಂದರೆ ನೆಲಗಪ್ಪೆಯ ಚರ್ಮ, ಎನ್ನುತ್ತಾರೆ. ಅವಶ್ಯಕ ಕೊಬ್ಬಿನ ಆಮ್ಲಗಳ ಮತ್ತು ‘ಬಿ’ ಜೀವಸತ್ವಗಳ ಅಭಾವದಿಂದಲೂ ಇದು ತಲೆದೋರುವುದುಂಟು.

ವಿಚಿತ್ರವೆಂದರೆ, ಜೀವಸತ್ವವು ಅತಿಯಾದಾಗಲೂ ಮೊದಲು ಕಾಣುವುದು ಒಣಚರ್ಮವೇ. ತುಟಿ ಬಿರಿಯುತ್ತದೆ, ಸಿಪ್ಪೆ ಏಳುತ್ತದೆ, ಕೂದಲು ಉದುರುತ್ತದೆ, ತಲೆನೋವು, ಮೂಳೆನೋವುಗಳು ಬರುತ್ತವೆ, ಯಕೃತ್ತಿಗೆ ಹಾನಿಯಾಗುತ್ತದೆ. ಚರ್ಮ ಒಣಗಿದೆಯೆಂದು ಅಂಗಡಿಯಿಂದ ಗುಳಿಗೆ ತಂದು ನುಂಗುವವರು ಈ ಅಂಶವನ್ನು ಗಮನಿಸಬೇಕು. ವಯಸ್ಕರಿಗೆ ದಿನವೊಂದಕ್ಕೆ 3,000 ಮೈಕ್ರೋಗ್ರಾಂ, ಎಂದರೆ 10,000 ಅಂತರರಾಷ್ಟ್ರೀಯ ಏಕಮಾನ, ಮೀರಬಾರದ ಮಿತಿ.

ಹಾಗಿದ್ದಲ್ಲಿ ಮಕ್ಕಳಿಗೆ ಲಕ್ಷಗಟ್ಟಲೆ ಏಕಮಾನ ಕೊಡುವುದೇಕೆ? 1970ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಉದ್ದೇಶ ಕುರುಡುತನದ ನಿವಾರಣೆ. ಈಗ ಒಂಬತ್ತನೆಯ ತಿಂಗಳು ತುಂಬಿದಾಗ 1 ಲಕ್ಷ ಏಕಮಾನ, ಅನಂತರ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಏಕಮಾನಗಳನ್ನು ನೀಡಲಾಗುತ್ತದೆ. ಯಕೃತ್ತು ಇದನ್ನು ಸಂಗ್ರಹಿಸಿಟ್ಟುಕೊಂಡು ತಿಂಗಳುಗಟ್ಟಲೆ ಬಳಸಿಕೊಳ್ಳುತ್ತದೆ. ನಿತ್ಯಸೇವನೆಗೆ ಇದು ಮಾದರಿಯಲ್ಲ.

ಗರ್ಭಿಣಿಯರ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಹೆಚ್ಚಿನ ಪ್ರಮಾಣದ ‘ಎ’ ಜೀವಸತ್ವವು ಭ್ರೂಣದಲ್ಲಿ ಅಂಗವಿಕಲತೆಯನ್ನುಂಟುಮಾಡಬಲ್ಲದು. ಮೊಡವೆಗಾಗಿ ನೀಡುವ ಐಸೋಟ್ರೆಟಿನಾಯಿನ್ ಗುಳಿಗೆಯೂ ಇದೇ ಕುಲಕ್ಕೆ ಸೇರಿದ್ದು. ಗರ್ಭಾವಸ್ಥೆಯಲ್ಲಿ ಅದು ಸಂಪೂರ್ಣ ನಿಷಿದ್ಧ.

ಸೊಪ್ಪು, ತರಕಾರಿ, ಹಣ್ಣುಗಳಿಂದ ಇಂತಹ ಭಯವಿಲ್ಲ. ನುಗ್ಗೆಸೊಪ್ಪು (ಮುಂಬಯಿಯಲ್ಲಿ ಶೇವಗಾ, ಚೆನ್ನೈಯಲ್ಲಿ ಮುರುಂಗೈ, ಹೈದರಾಬಾದಿನಲ್ಲಿ ಮುನಗ ಎಂದು ಕೇಳಿದರೆ ಸಿಗುತ್ತದೆ), ಹರಿವೆ, ಗಜ್ಜರಿ, ಪರಂಗಿ, ಮಾವುಗಳಲ್ಲಿರುವುದು ಕ್ಯಾರೊಟಿನ್. ದೇಹವು ತನಗೆ ಬೇಕಾದಷ್ಟನ್ನು ಮಾತ್ರ ‘ಎ’ ಜೀವಸತ್ವವಾಗಿ ಪರಿವರ್ತಿಸಿಕೊಳ್ಳುತ್ತದೆ. ಒಗ್ಗರಣೆಯ ಎಣ್ಣೆಯಿದ್ದರೆ ಹೀರಿಕೆ ಚೆನ್ನಾಗಿ ಆಗುತ್ತದೆ. ಗಜ್ಜರಿಯನ್ನು ಮಿತಿಮೀರಿ ತಿಂದವರ ಅಂಗೈ ಹಳದಿಯಾಗಬಹುದು. ಕಾಮಾಲೆಯಲ್ಲಿ ಆಗುವಂತೆ ಕಣ್ಣಿನ ಬಿಳಿಭಾಗ ಹಳದಿಯಾಗುವುದಿಲ್ಲ. ಗಜ್ಜರಿ ಕಡಮೆ ಮಾಡಿದರೆ ಕೆಲವು ವಾರಗಳಲ್ಲಿ ಬಣ್ಣ ತಾನಾಗಿ ಇಳಿಯುತ್ತದೆ.