ಕಲಗಚ್ಚಿಗೆ ಕೊಕ್ಕರೆ ಹಿಕ್ಕೆ: ರೋಗದ ಹೊರೆ ಯಾರದು?

ಬೆಳಕು ಹರಿಯುವ ಹೊತ್ತಿಗೆ ಹಲಸೂರು ಕೆರೆ ಬದಿಗೆ ಬಂದರೆ ಒಂದು ಡ್ಯೂಟಿ ಬದಲಾವಣೆ ನೋಡಬಹುದು. ಕೆರೆ ನಡುವಿನ ದ್ವೀಪಗಳ ಮರದಿಂದ ಬೆಳ್ಳಕ್ಕಿ, ನೀರುಕಾಗೆಗಳು ಹಿಂಡು ಹಿಂಡಾಗಿ ಏಳುತ್ತವೆ. ಅದೇ ಹೊತ್ತಿಗೆ ಗಲ್ಲಿಗಳಿಂದ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲು, ಸ್ಕೂಟರುಗಳು ಹೊರಡುತ್ತವೆ. ಹಕ್ಕಿಗಳು ಹೋಗುವುದು ಹೊಟ್ಟೆಪಾಡಿಗೆ, ಹಾಲಿನವರು ಹೋಗುವುದೂ ಹೊಟ್ಟೆಪಾಡಿಗೆ. ಇಬ್ಬರ ದಾರಿಯೂ ಎಲ್ಲೋ ಒಂದು ಕಡೆ ಕೂಡುತ್ತದೆ. ಆ ಜಾಗವೇ ಹಸುವಿನ ಬಾನಿ.

ಕಂಟೋನ್ಮೆಂಟಿನಲ್ಲಿ ಹಸು ಎಲ್ಲಿದೆ ಸ್ವಾಮಿ ಅಂತ ಕೇಳುವವರು ಬಸ್ಸಿನ ಕಿಟಕಿಯಿಂದ ಮಾತ್ರ ಊರು ನೋಡಿದವರು. ಹಲಸೂರಿನ ಹಿಂದಿನ ಓಣಿಗಳಲ್ಲಿ, ಇಂದಿರಾನಗರದ ಮಗ್ಗುಲಿನ ಕೋಡಿಹಳ್ಳಿಯಲ್ಲಿ, ಕೆ.ಆರ್. ಪುರದ ಸುತ್ತಿನ ಹಳ್ಳಿಗಳಲ್ಲಿ ಎರಡೋ ಮೂರೋ ಹಸು ಕಟ್ಟಿ ಸಂಸಾರ ತೂಗಿಸುವವರು ಇನ್ನೂ ಇದ್ದಾರೆ. ಅವರಿಗೆ ಒಂದು ಹಸು ಮಲಗಿತು ಅಂದರೆ ತಿಂಗಳ ಚೀಟಿ ದುಡ್ಡು ಹೋಯಿತು, ಮಗುವಿನ ಸ್ಕೂಲ್ ಫೀಸು ಹೋಯಿತು ಅಂತಲೇ ಲೆಕ್ಕ.

ನೀರುಹಕ್ಕಿಗಳು ರೋಗಾಣು ಹೊತ್ತು ತಿರುಗುತ್ತವೆಯೇ? ಹೌದು, ತಿರುಗುತ್ತವೆ. ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್, ಇ. ಕೋಲೈ ಮೊದಲಾದ ಬ್ಯಾಕ್ಟೀರಿಯಾಗಳು ಹಕ್ಕಿಯ ಕರುಳಿನಲ್ಲಿ ಆರಾಮಾಗಿ ಕೂತಿರಬಲ್ಲವು. ಎಷ್ಟೋ ಸಲ ಹಕ್ಕಿಗೆ ಏನೂ ಆಗಿರುವುದಿಲ್ಲ. ಹಾರುತ್ತದೆ, ಮೀನು ಹಿಡಿಯುತ್ತದೆ, ಮರಿ ಮಾಡುತ್ತದೆ. ಹಿಕ್ಕೆ ಹಾಕಿದ ಕಡೆಯೆಲ್ಲ ರೋಗಾಣುವೂ ಬೀಳುತ್ತದೆ. ಅದು ತೇವವಿರುವ ಜಾಗದಲ್ಲಿ ವಾರಗಟ್ಟಲೆ ಬದುಕಿದ್ದರೂ ಆಶ್ಚರ್ಯವಿಲ್ಲ. ಸಾಲ್ಮೊನೆಲ್ಲಾ ದನದ ಹೊಟ್ಟೆ ಸೇರಿ ಬಲಿಯಿತೆಂದರೆ ಜ್ವರ, ರಕ್ತ ಬೆರೆತ ಭೇದಿ. ಹಾಲು ಇಳಿದು ಹೋಗುತ್ತದೆ. ಗಬ್ಬದ ಹಸು ಕಂದು ಹಾಕಬಹುದು. ಎಳೆ ಕರುವಾದರೆ ಉಳಿಯುವುದೇ ಕಷ್ಟ.

ಹಾಗಂತ ಕೆರೆಗೆ ಕೊಕ್ಕರೆ ಬಂದಿತೆಂದು ಕಲ್ಲು ಬೀಸಬೇಕಾಗಿಲ್ಲ. ಗಟ್ಟಿಮುಟ್ಟಾದ ಹಸು ಕಾಯಿಲೆ ಬೀಳಬೇಕಾದರೆ ಸಾಮಾನ್ಯವಾಗಿ ದೊಡ್ಡ ಪ್ರಮಾಣದಲ್ಲೇ ರೋಗಾಣು ಒಳಗೆ ಹೋಗಬೇಕು. ಇಡೀ ಕೆರೆಗೆ ಬಿದ್ದ ನಾಲ್ಕು ಹಿಕ್ಕೆ ನೀರಿನಲ್ಲಿ ಕರಗಿ ತೆಳುವಾಗುತ್ತದೆ. ಅದೇ ಹಿಕ್ಕೆ ಅಂಗಳದ ಕಲಗಚ್ಚಿನ ಬಾನಿಗೆ ಬಿದ್ದರೆ ಕಥೆ ಬೇರೆ. ಬೆಚ್ಚಗಿನ ನೀರು, ಅನ್ನದ ಗಂಜಿ, ತರಕಾರಿ ಸಿಪ್ಪೆ: ರೋಗಾಣುವಿಗೆ ಮದುವೆ ಊಟ! ಬೆಳಿಗ್ಗೆ ಬಿದ್ದದ್ದು ಸಂಜೆ ಹಸು ಮೂತಿ ಇಡುವ ಹೊತ್ತಿಗೆ ಎಷ್ಟೋ ಪಟ್ಟು ಬೆಳೆದಿರುತ್ತದೆ. ದನದ ಕಾಲ ಬುಡದಲ್ಲೇ ಹುಳ ಹೆಕ್ಕುತ್ತಾ ಓಡಾಡುವ ಗೋವಕ್ಕಿಗೆ ಬಾನಿಯ ಅಂಚು ಹೊಸ ಜಾಗವೇನಲ್ಲ.

ಇದು ಬರೀ ಊಹೆಯಲ್ಲ. ಸ್ಕಾಟ್ಲೆಂಡಿನಲ್ಲಿ 1970-80ರ ದಶಕಗಳಲ್ಲಿ ಕುರಿಗಳು ಕಂದು ಹಾಕತೊಡಗಿದವು. ಕಾರಣ ಸಾಲ್ಮೊನೆಲ್ಲಾದ ಒಂದು ಪಂಗಡ, ಹೆಸರು ಮಾಂಟೆವಿಡಿಯೊ. ಅದನ್ನು ಹುಲ್ಲುಗಾವಲಿಗೆ ತಂದದ್ದು ಕಡಲಹಕ್ಕಿಗಳೇ ಇರಬೇಕೆಂದು ಸಂಶೋಧಕರು 1983ರಲ್ಲಿ ವರದಿ ಪ್ರಕಟಿಸಿದರು. ಹಕ್ಕಿಗೆ ಆ ರೋಗಾಣು ಬಂದದ್ದಾದರೂ ಎಲ್ಲಿಂದ? ಬೇರೆಲ್ಲಿಂದ, ಊರಿನ ಕಕ್ಕಸು ನೀರು ಬಂದು ಬೀಳುವ ಜಾಗದಲ್ಲಿ, ಕಸದ ಗುಂಡಿಯಲ್ಲಿ ಅದು ಹೊಟ್ಟೆ ಹೊರೆಯುತ್ತಿತ್ತು. ಊರಿನವರ ಹೊಲಸು ಹಕ್ಕಿಯ ಬೆನ್ನೇರಿ ಕುರಿಯ ಬಾಯಿಗೆ ಬಂದಿತ್ತು, ಅಷ್ಟೆ.

ಈಗ ಅಲ್ಲಿಂದ ನಮ್ಮ ಶಿವಾಜಿನಗರಕ್ಕೆ ಬನ್ನಿ. 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟಿನ ಸುತ್ತ ಕೋಳಿ, ಕುರಿ, ಮೀನಿನ ವ್ಯಾಪಾರ ದಂಡಿಯಾಗಿ ನಡೆಯುತ್ತದೆ. ವ್ಯಾಪಾರ ನಡೆಯಲಿ, ಬೇಡ ಅಂದವರಾರು. ಆದರೆ ಈ ಭಾಗದಲ್ಲಿ ಕೋಳಿ ಕರುಳು, ಪುಕ್ಕ ತುಂಬಿದ ಮೂಟೆಗಳು ರಾತ್ರೋರಾತ್ರಿ ಖಾಲಿ ಸೈಟಿಗೋ ರಾಜಕಾಲುವೆಗೋ ಕೆರೆ ಏರಿಗೋ ಬೀಳುವುದು ಯಾರಿಗೆ ಗೊತ್ತಿಲ್ಲ? ಬೆಳಿಗ್ಗೆ ಅದರ ಮೇಲೆ ಹದ್ದು, ಕಾಗೆ, ನಾಯಿ, ಜೊತೆಗೆ ಬೆಳ್ಳಕ್ಕಿ. ಮಳೆ ಬಂದರೆ ಅಷ್ಟೂ ಕೆರೆಗೆ.

ಹಲಸೂರು ಕೆರೆಯ ಗತಿ 2016ರ ಮಾರ್ಚ್‌ನಲ್ಲಿ ಊರಿಗೆಲ್ಲ ಗೊತ್ತಾಯಿತು. ಸಾವಿರಾರು ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಮೋರಿ ನೀರು ಸೇರಿ ನೀರಿನ ಉಸಿರೇ ಕಟ್ಟಿತ್ತು. ಬೆಳ್ಳಂದೂರು ಕೆರೆಯಂತೂ ನೊರೆ ಉಗುಳಿ, 2017ರಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಂಕಿಯನ್ನೂ ಕಂಡ ಕೆರೆ. ನೀರಿಗೆ ಬೆಂಕಿ ಬೀಳುವ ಊರಿನಲ್ಲಿ ಕೊಕ್ಕರೆಯ ಹೊಟ್ಟೆಯನ್ನು ಪರೀಕ್ಷೆ ಮಾಡುವುದು ಸೋಜಿಗವೇ ಸರಿ! ಬೆಳ್ಳಂದೂರು, ವರ್ತೂರು ಕಡೆ ಕೆರೆಯಂಗಳದ ಹಸಿ ಹುಲ್ಲನ್ನು ಕೊಯ್ದು ಹೊರೆ ಕಟ್ಟಿ ಹಸುವಿಗೆ ಹಾಕುವುದು ಬಹಳ ಕಾಲದ ವಾಡಿಕೆ. ಹುಲ್ಲೇನೋ ಹಚ್ಚಗೆ, ಪುಗಸಟ್ಟೆ. ಅದಕ್ಕೆ ಹಕ್ಕಿ ಹಿಕ್ಕೆಯ ಜೊತೆಗೆ ಮೋರಿ ನೀರಿನ ಸ್ನಾನವೂ ಆಗಿರುತ್ತದೆ. ಅಲ್ಲಿ ಹಕ್ಕಿಯ ಪಾಲೆಷ್ಟು, ಮೋರಿಯ ಪಾಲೆಷ್ಟು ಎಂದು ಹಂಚಲು ಹೋದರೆ ಮೋರಿಗೇ ಸಿಂಹಪಾಲು.

ಹೆಸರಿನಲ್ಲೂ ಪಾಪದ ಕೊಕ್ಕರೆಗೆ ಅನ್ಯಾಯವಾಗಿದೆ. ಕೋಳಿಗೆ ಬರುವ ರಾಣಿಖೇತ್ ಕಾಯಿಲೆಗೆ ನಮ್ಮ ಕಡೆ ಕೊಕ್ಕರೆ ರೋಗ ಅಂತಲೇ ಹೆಸರು. ಅದು ವೈರಸ್, ಕೋಳಿಯಿಂದ ಕೋಳಿಗೇ ಬೇಗ ಹಬ್ಬುವಂಥದು. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರದಲ್ಲಿ ಟರ್ಕಿ ಕೋಳಿಗಳನ್ನು ಕೆಡವಿದ, 2017ರ ಜನವರಿಯಲ್ಲಿ ಮೈಸೂರು ಮೃಗಾಲಯದ ಬಾಗಿಲು ಹಾಕಿಸಿದ ಹಕ್ಕಿಜ್ವರವೂ ವೈರಸ್ಸೇ. ಅದನ್ನು ನೀರುಹಕ್ಕಿಗಳು ಸಾಗಿಸುವುದು ನಿಜ. ಅಮೆರಿಕದಲ್ಲಿ 2024ರಲ್ಲಿ ಅದು ಹಾಲಿನ ಹಸುಗಳಿಗೂ ತಗುಲಿತು. ಆದರೆ ಹಸು ಭೇದಿ ಮಾಡಿದ ಕೂಡಲೇ ಹಕ್ಕಿಜ್ವರ ಬಂತೆಂದು ಕಂಗಾಲಾಗುವುದು ಬೇಡ.

ಮಳೆಗಾಲದಲ್ಲಿ ದನ, ಎಮ್ಮೆಗಳ ಗಂಟಲು ಬಾತು, ಒಂದೆರಡು ದಿನದಲ್ಲೇ ಪ್ರಾಣ ತೆಗೆಯುವ ಗಳಲೆ ರೋಗದ ವಿಷಯವೂ ಹೀಗೇ. ಅದರ ರೋಗಾಣು ಪಾಸ್ಚರೆಲ್ಲಾ. ನೀರುಹಕ್ಕಿ, ಕೋಳಿಗಳಿಗೆ ಬರುವ ಕೋಳಿ ಕಾಲರಾದ ರೋಗಾಣುವಿನ ಹೆಸರೂ ಅದೇ. ಹೆಸರು ಒಂದಾದರೂ ಮನೆತನ ಬೇರೆ. ಗಳಲೆ ಬಹುತೇಕ ಹರಡುವುದು ರೋಗಾಣು ಹೊತ್ತ ದನದಿಂದ ದನಕ್ಕೆ. ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸದೆ, ಹಸು ಹೋದ ಮೇಲೆ ಕೆರೆ ಕಡೆ ಬೆರಳು ತೋರಿಸಿದರೆ ಏನು ಬಂತು? ಅಂಥ ಲಸಿಕೆ ತಯಾರಿಸುವ ಸಂಸ್ಥೆ ದೂರದಲ್ಲೇನೂ ಇಲ್ಲ, ಹೆಬ್ಬಾಳದಲ್ಲೇ ಇದೆ. 1925ರಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಎಂದು ಶುರುವಾದದ್ದು.

ನಿಜಕ್ಕೂ ಎಚ್ಚರ ಬೇಕಾದ್ದು ಬದುಕಿರುವ ಹಕ್ಕಿಗಿಂತ ಸತ್ತ ಹಕ್ಕಿಯ ಬಗ್ಗೆ. ರಾಜಸ್ಥಾನದ ಸಾಂಭರ್ ಸರೋವರದಲ್ಲಿ 2019ರ ನವೆಂಬರಿನಲ್ಲಿ ಸುಮಾರು 18 ಸಾವಿರ ಹಕ್ಕಿಗಳು ಸತ್ತು ಬಿದ್ದವು. ಪರೀಕ್ಷೆ ಮಾಡಿದಾಗ ತಿಳಿದದ್ದು ಬಾಟುಲಿಸಂ, ಅಂದರೆ ಕೊಳೆತ ಹೆಣದಲ್ಲಿ ಒಂದು ಬ್ಯಾಕ್ಟೀರಿಯಾ ತಯಾರಿಸುವ ವಿಷ. ಆ ಹೆಣದ ಹುಳ ತಿಂದ ಹಕ್ಕಿಯೂ ಸಾಯುತ್ತದೆ. ಹೀಗೆ ಸರಪಳಿ ಬೆಳೆಯುತ್ತದೆ. ಕೊಳೆತ ಹಕ್ಕಿಯೋ ಕೋಳಿಯೋ ಹುಲ್ಲಿನ ಹೊರೆಯೊಳಗೆ ಸೇರಿಕೊಂಡು ಹಸುವಿನ ಬಾಯಿಗೆ ಹೋದರೆ ಕಾಲು ಸೋತು, ನಾಲಗೆ ಸೋತು ದನ ನೆಲ ಹಿಡಿಯುತ್ತದೆ. ಆಗ ಡಾಕ್ಟರೂ ಹೆಚ್ಚೇನೂ ಮಾಡಲಾರರು.

ಮಾಡಬೇಕಾದ ಕೆಲಸಕ್ಕೆ ದೊಡ್ಡ ಖರ್ಚೇನೂ ಇಲ್ಲ. ಬಾನಿಗೆ ಹಲಗೆಯೋ ತಗಡೋ ಮುಚ್ಚಿ. ಕಲಗಚ್ಚನ್ನು ಹೊತ್ತಿನದು ಹೊತ್ತಿಗೇ ಮುಗಿಸಿ, ಉಳಿದದ್ದನ್ನು ಚೆಲ್ಲಿ ಬಾನಿ ಉಜ್ಜಿ ಬಿಸಿಲಿಗೆ ಬೋರಲು ಹಾಕಿ. ಹಿಂಡಿ, ಬೂಸಾ ಮೂಟೆಯ ಬಾಯಿ ಕಟ್ಟಿಡಿ. ಭೇದಿಯಾದ ಹಸುವನ್ನು ಬೇರೆ ಕಟ್ಟಿ, ಕೈ ತೊಳೆದೇ ಇನ್ನೊಂದರ ಕೆಚ್ಚಲು ಮುಟ್ಟಿ. ಮೆಡಿಕಲ್ ಸ್ಟೋರಿನಿಂದ ಸಿಕ್ಕಿದ ಮಾತ್ರೆ ತಂದು ಗಂಟಲಿಗೆ ತುರುಕುವವರೂ ಇದ್ದಾರೆ, ಬೇಡ. ಅರ್ಧಂಬರ್ಧ ಔಷಧಿಯಿಂದ ರೋಗಾಣು ಮೊಂಡು ಬೀಳುತ್ತದೆ, ಅಂಥ ಮೊಂಡು ರೋಗಾಣು ಮೋರಿಯಿಂದ ಮತ್ತೆ ಹಕ್ಕಿಯ ಹೊಟ್ಟೆಗೇ ಸೇರುತ್ತದೆ. ಹಾಲು ಕೊಳ್ಳುವವರು ಕೊಟ್ಟಿಗೆ ಹಾಲನ್ನು ಉಕ್ಕುವವರೆಗೆ ಕಾಯಿಸಿದರೆ ಸಾಲ್ಮೊನೆಲ್ಲಾ ಸಾಯುತ್ತದೆ. ಕಾಯಿಸದ ಹಾಲೇ ಶಕ್ತಿ ಅನ್ನುವವರ ಮಾತು ಕೇಳಿ ಎಳೆ ಮಕ್ಕಳಿಗೆ ಹಸಿ ಹಾಲು ಕುಡಿಸಬಾರದು.

ಕೋಳಿ ಅಂಗಡಿಯವರು ಮೂಟೆಯನ್ನು ಕಸದ ಗಾಡಿಗೇ ಕೊಡಬೇಕು. ಗಾಡಿ ದಿನಾ ಬರಬೇಕು. ಬರದಿದ್ದರೆ ಅಂಗಡಿಯವರು ನಾಲ್ಕು ಜನ ಕೂಡಿ ಪಾಲಿಕೆಯವರನ್ನು ಕೇಳಬೇಕು. ಒಬ್ಬರೇ ಹೋದರೆ ನಾಳೆ ಬನ್ನಿ ಅನ್ನುತ್ತಾರೆ.

ಕೆ.ಆರ್. ಪುರ ದಾಟಿ ಹೊಸಕೋಟೆ ಕಡೆ ಹೋಗುವ ಬಸ್ಸಿನವರಿಗೆ ಎಲೆಮಲ್ಲಪ್ಪಶೆಟ್ಟಿ ಕೆರೆ ಪರಿಚಿತ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನಾಮಕೋಳಿಗಳು ಅಲ್ಲಿ ನೆಲೆಯೂರುತ್ತವೆ. ಅಲ್ಲಾಗಲಿ, ಹಲಸೂರಿನಲ್ಲಾಗಲಿ ಹತ್ತಾರು ಹಕ್ಕಿ ಒಟ್ಟಿಗೆ ಸತ್ತು ಬಿದ್ದದ್ದು ಕಂಡರೆ ಕೈಯಿಂದ ಮುಟ್ಟಬೇಡಿ, ನಾಯಿ ಎಳೆಯದಂತೆ ನೋಡಿಕೊಂಡು ಹತ್ತಿರದ ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸಿ. ಮನೆಯ ಹಸು ಮಲಗಿದರೆ 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತದೆ.