ಪೋರ್ಚುಗೀಸರಿಗಿಂತ ಮೊದಲೇ ಠಾಣೆಗೆ ಬಂದ ಪಾದ್ರಿಗಳು

ಪ್ರಶ್ನೆ: ಠಾಣೆಗೆ ಯುರೋಪಿನ ಪಾದ್ರಿಗಳು ಕಾಲಿಟ್ಟದ್ದು ಪೋರ್ಚುಗೀಸರ ಜೊತೆಗೇ ಅಲ್ಲವೆ?
– ಒಬ್ಬ ಓದುಗರು, ವಾಗ್ಳೆ ಎಸ್ಟೇಟ್

ಉತ್ತರ: ಅಲ್ಲ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವುದಕ್ಕೆ 177 ವರ್ಷ ಮೊದಲೇ, 1321ರಲ್ಲಿ, ಒಂದು ಹಡಗು ಅವರನ್ನು ಇಲ್ಲಿಗೆ ತಂದಿತ್ತು. ಅದೂ ದಾರಿ ತಪ್ಪಿ! ಅವರು ಹೊರಟಿದ್ದು ಕೊಲ್ಲಂಗೆ, ಅಲ್ಲಿಂದ ಚೀನಾಕ್ಕೆ.

ಇಟಲಿಯ ಟೊಲೆಂಟಿನೊದ ಥಾಮಸ್, ಪಾದುವಾದ ಜೇಮ್ಸ್, ಸಿಯೆನಾದ ಪೀಟರ್ ಮತ್ತು ಟಿಫ್ಲಿಸ್‌ನ ದೆಮೆತ್ರಿಯಸ್, ಈ ನಾಲ್ವರೂ ಫ್ರಾನ್ಸಿಸ್ಕನ್ ಪಂಥದವರು. ಠಾಣೆಯಲ್ಲಿ ಆಗಲೇ ನೆಲೆಸಿದ್ದ ನೆಸ್ಟೋರಿಯನ್ ಕ್ರೈಸ್ತರ ಮನೆಯಲ್ಲಿ ಇಳಿದುಕೊಂಡರು. ಊರು ಆಗ ದೆಹಲಿ ಸುಲ್ತಾನರ ಅಧೀನದಲ್ಲಿತ್ತು. ಖಾಜಿಯ ಮುಂದೆ ಧರ್ಮದ ಬಗ್ಗೆ ವಾಗ್ವಾದ ನಡೆದು, ಏಪ್ರಿಲ್‌ನಲ್ಲಿ ನಾಲ್ವರೂ ಕೊಲೆಯಾದರು.

ಜೊತೆಗೆ ಬಂದಿದ್ದ ಡೊಮಿನಿಕನ್ ಸನ್ಯಾಸಿ ಜೋರ್ಡಾನಸ್ ಧರ್ಮಪ್ರಚಾರಕ್ಕೆಂದು ಬೇರೆ ಊರಿಗೆ ಹೋಗಿದ್ದರಿಂದ ಬದುಕಿಕೊಂಡ. ಗೆಳೆಯರ ದೇಹಗಳನ್ನು ಸೋಪಾರದಲ್ಲಿ ಹೂಳಿಸಿದವನು ಅವನೇ. ಮುಂದೆ ಅಲ್ಲಿಗೆ ಬಂದ ಓಡೊರಿಕ್ ಎಂಬ ಇನ್ನೊಬ್ಬ ಫ್ರಾನ್ಸಿಸ್ಕನ್ ಆ ಎಲುಬುಗಳನ್ನು ಚೀನಾಕ್ಕೇ ಒಯ್ದ. ಬದುಕಿದ್ದಾಗ ತಲುಪದ ನಾಡನ್ನು ಅವರು ಹೀಗೆ ತಲುಪಿದರು.

ನಮಗೆ ಹೆಚ್ಚು ಹತ್ತಿರದವನು ಜೋರ್ಡಾನಸ್. 1329ರಲ್ಲಿ ಪೋಪ್ 22ನೇ ಜಾನ್ ಅವನನ್ನು ಕೊಲ್ಲಂನ ಬಿಷಪ್ ಆಗಿ ನೇಮಿಸಿದರು. ಅವನು ಲ್ಯಾಟಿನ್‌ನಲ್ಲಿ ಬರೆದ ‘ಮಿರಾಬಿಲಿಯಾ’ ಎಂಬ ಪುಸ್ತಕದಲ್ಲಿ ಧರ್ಮೋಪದೇಶಕ್ಕಿಂತ ಬೆರಗೇ ಹೆಚ್ಚು: ಹಲಸು, ಮಾವು, ತೆಂಗು, ಶವವನ್ನು ಹೂಳದೆ ಸುಡದೆ ಬಯಲಲ್ಲಿ ಇಡುವ ಪಾರ್ಸಿಗಳ ಪದ್ಧತಿ ಎಲ್ಲವೂ ಅಲ್ಲಿವೆ.

ಥಾಮಸ್‌ನನ್ನು ರೋಮ್ ‘ಪುನೀತ’ನೆಂದು ಸಾರಿದ್ದು 1894ರಲ್ಲಿ.