ಏರ್‌ಗನ್‌ಗೆ ಲೈಸೆನ್ಸ್ ಬೇಡ, ಆದರೆ ಜಾಗ ಬೇಕು

ಶಾಲೆಗೆ ರಜೆ ಸಿಕ್ಕಿತೆಂದರೆ ದೇರಳಕಟ್ಟೆ, ತೊಕ್ಕೊಟ್ಟು, ಫರಂಗಿಪೇಟೆ, ಸುರತ್ಕಲ್ ಕಡೆಯ ನಮ್ಮ ಅನೇಕ ಮನೆಗಳಲ್ಲಿ ಒಂದು ಬೇಡಿಕೆ ಏಳುತ್ತದೆ. ಏರ್‌ಗನ್ ಬೇಕು. ತಾಯಿ ಬೇಡ ಅನ್ನುತ್ತಾರೆ. ಮಗ ಗಲ್ಫಿನಲ್ಲಿರುವ ತಂದೆಗೆ ಫೋನ್ ಮಾಡುತ್ತಾನೆ. 'ಅದಕ್ಕೆ ಲೈಸೆನ್ಸ್ ಬೇಡವಂತೆ, ಆಟದ ಸಾಮಾನು' ಎಂದು ಯಾರೋ ಮಾಮ ಸಮರ್ಥನೆಗೂ ಬರುತ್ತಾರೆ. ಕೋವಿ ಮನೆಗೆ ಬರುತ್ತದೆ. ಆದರೆ ಅದನ್ನು ಎಲ್ಲಿ ಹೊಡೆಯುವುದು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೊನೆಗೆ ಹುಡುಗರು ತಾವೇ ಜಾಗ ಹುಡುಕುತ್ತಾರೆ. ಮನೆ ಹಿಂದಿನ ಗುಡ್ಡೆ, ಪಾಳುಬಿದ್ದ ಗದ್ದೆ, ಇನ್ನೂ ಮನೆ ಏಳದ ಲೇಔಟ್, ಇಲ್ಲವೇ ಟೆರೇಸು.

ಹುಡುಗರ ಆಸೆಯನ್ನು ನಾವು ದೂರುವುದಿಲ್ಲ. ಗುರಿ ಇಡುವುದು ಒಳ್ಳೆಯ ವಿದ್ಯೆ. ಆದರೆ ಅದಕ್ಕೊಂದು ಸರಿಯಾದ ಜಾಗ ಬೇಕು. ಆ ಜಾಗ ಯಾವುದು, ಅದು ಸಿಗುವುದು ಹೇಗೆ ಎಂಬುದನ್ನು ತಂದೆತಾಯಿಗಳೂ ಜಮಾಅತಿನ ಹಿರಿಯರೂ ತಿಳಿದಿರುವುದು ಒಳ್ಳೆಯದು.

ಲೈಸೆನ್ಸ್ ಬೇಡ ಎಂಬುದು ಎಷ್ಟು ನಿಜ?

ಅರ್ಧ ನಿಜ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಕೆಯಿಂದ ಹೊರಡುವಾಗ ಗುಂಡಿನ ಶಕ್ತಿ 20 ಜೂಲ್ ಮೀರಿದರೆ, ಅಥವಾ ನಳಿಕೆಯ ಅಳತೆ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರಿದರೆ ಏರ್‌ಗನ್‌ಗೂ ಲೈಸೆನ್ಸ್ ಬೇಕು. ಪೇಟೆಯಲ್ಲಿ 'ಪಾಯಿಂಟ್ ಟೂಟೂ' ಎಂದು ಕರೆಯುವ 5.5 ಮಿಲಿಮೀಟರ್ ಏರ್‌ಗನ್ ಈ ಮಿತಿಯ ಹೊರಗಿನದು. 4.5 ಮಿಲಿಮೀಟರಿನದ್ದನ್ನೇ ತಂದು, ಆಮೇಲೆ ಸ್ಪ್ರಿಂಗ್ ಬದಲಿಸಿ ಜೋರು ಮಾಡಿಸಿದರೂ ಮಿತಿ ದಾಟಬಹುದು. ಆಗ ಅದು ಆಟದ ಸಾಮಾನಲ್ಲ, ಲೈಸೆನ್ಸ್ ಇಲ್ಲದ ಆಯುಧ. ಜೈಲು ಶಿಕ್ಷೆಯಾಗಬಹುದಾದ ಅಪರಾಧ. ಆದ್ದರಿಂದ ಖರೀದಿಸುವಾಗ ಅಂಗಡಿಯ ಬಿಲ್ಲಿನಲ್ಲಿ ಮಾಡೆಲ್, ಅಳತೆ ಎರಡನ್ನೂ ಬರೆಸಿ, ಬಿಲ್ಲನ್ನು ಜೋಪಾನ ಮಾಡಿ ಇಡಬೇಕು.

ಮಿತಿಯೊಳಗಿನ ಕೋವಿ ಮನೆಯಲ್ಲಿದ್ದರೆ ತಪ್ಪಿಲ್ಲ. ಆದರೆ ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಎಲ್ಲಿ ಬೇಕಾದರೂ ಹೊಡೆಯಬಹುದು ಎಂದಲ್ಲ. ಇನ್ನೊಬ್ಬರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ನಡೆದುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಅನ್ವಯಿಸುತ್ತದೆ. ಯಾರಿಗೂ ತಾಗದಿದ್ದರೂ 3 ತಿಂಗಳವರೆಗೆ ಜೈಲು ಆಗಬಹುದು. ಗಂಭೀರ ಗಾಯವಾದರೆ 3 ವರ್ಷದವರೆಗೆ. ಕಣ್ಣು ಹೋದರೆ ಅದು ಗಂಭೀರ ಗಾಯವೇ.

ಖಾಲಿ ಜಾಗ ಯಾರದ್ದೂ ಅಲ್ಲ ಎಂದಲ್ಲ

ಮೂವತ್ತು ವರ್ಷದ ಹಿಂದೆ ನಮ್ಮ ಊರುಗಳ ಗುಡ್ಡೆಯಲ್ಲಿ ದನ ಮೇಯಿಸುವವರನ್ನು ಬಿಟ್ಟರೆ ಜನ ಇರುತ್ತಿರಲಿಲ್ಲ. ಈಗ ಅದೇ ಗುಡ್ಡೆಯ ಆಚೆ ಬದಿ ಫ್ಲ್ಯಾಟ್ ಎದ್ದಿದೆ, ಈಚೆ ಬದಿ ಕಾಲೇಜು ಹಾಸ್ಟೆಲ್ ಉಂಟು, ನಡುವೆ ಮಕ್ಕಳು ಮದ್ರಸಕ್ಕೆ ಹೋಗುವ ಕಾಲುದಾರಿ. ಏರ್‌ಗನ್ನಿನ ಸೀಸದ ಗುಂಡು ಗುರಿ ತಪ್ಪಿದರೆ ಅಲ್ಲೇ ಬೀಳುವುದಿಲ್ಲ, ಇನ್ನೂರು ಮುನ್ನೂರು ಮೀಟರ್ ದೂರ ಹೋಗಬಲ್ಲದು. ಪೊದೆಯ ಹಿಂದೆ ಹುಲ್ಲು ಕೊಯ್ಯುವವರು ಇದ್ದರೆ ಕಾಣುವುದಿಲ್ಲ. ಕೆಂಪುಕಲ್ಲಿನ ಗೋಡೆಗೋ ತೆಂಗಿನ ಮರಕ್ಕೋ ಹೊಡೆದರೆ ಗುಂಡು ಚಿಮ್ಮಿ ಹೊಡೆದವನ ಮುಖಕ್ಕೇ ಬಂದೀತು.

ಜಾಗದ ಮಾಲಕರ ಒಪ್ಪಿಗೆ ಇಲ್ಲದೆ ಒಳಗೆ ಹೋಗುವುದೇ ಅತಿಕ್ರಮಣ. ಸರಕಾರಿ ಗುಡ್ಡೆ, ಶಾಲೆಯ ಮೈದಾನ, ಸಮುದ್ರ ತೀರ, ಹೊಳೆ ಬದಿ ಎಲ್ಲವೂ ಜನ ಓಡಾಡುವ ಜಾಗಗಳೇ. ಪಿಕ್‌ನಿಕ್‌ಗೆ ಘಾಟಿ ಕಡೆ ಹೋಗುವಾಗ ಕಾರಿನ ಡಿಕ್ಕಿಯಲ್ಲಿ ಏರ್‌ಗನ್ ಇಟ್ಟುಕೊಳ್ಳುವ ಅಭ್ಯಾಸ ಕೆಲವರಿಗುಂಟು. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ವನ್ಯಜೀವಿ ಧಾಮದಂಥ ಕಡೆ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಒಳಗೆ ಹೋಗುವುದನ್ನೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. 'ನಾವು ಹೊಡೆಯಲೇ ಇಲ್ಲ' ಎಂದರೆ ಅಲ್ಲಿ ನಡೆಯುವುದಿಲ್ಲ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ನಿಷೇಧಾಜ್ಞೆ ಹೊಸತಲ್ಲ. ಅಂಥ ದಿನಗಳಲ್ಲಿ ದೂರದಿಂದ ನೋಡುವವರಿಗೆ ಏರ್‌ಗನ್ ಯಾವುದು, ನಿಜವಾದ ಬಂದೂಕು ಯಾವುದು ಎಂದು ಗೊತ್ತಾಗುವುದಿಲ್ಲ. ಕೋವಿ ಹಿಡಿದು ಫೋಟೊ ತೆಗೆದು ಸ್ಟೇಟಸ್ ಹಾಕಿದ ಹುಡುಗನಿಗೆ ಅದು ತಮಾಷೆ. ಆ ಫೋಟೊ ಹತ್ತು ಗ್ರೂಪ್ ದಾಟುವಾಗ ಅದರ ಜೊತೆ ಏನೇನು ಬರಹ ಸೇರಿಕೊಳ್ಳುತ್ತದೆ ಎಂದು ಯಾರೂ ಹೇಳಲಾರರು. ಆಮೇಲೆ ಪಾಸ್‌ಪೋರ್ಟ್ ವೆರಿಫಿಕೇಶನ್, ಕೆಲಸ, ಗಲ್ಫ್ ವೀಸಾ ಎಲ್ಲ ಕಡೆ ತಂದೆತಾಯಿ ಓಡಾಡಬೇಕಾಗುತ್ತದೆ.

ಹಕ್ಕಿ ಗುರಿಹಲಗೆಯಲ್ಲ

ಗುಡ್ಡೆಗೆ ಹೋದ ಹುಡುಗರು ಡಬ್ಬಕ್ಕೆ ಹೊಡೆಯುತ್ತಾರೆ, ಬೇಸರ ಬಂದ ಮೇಲೆ ಹಕ್ಕಿಗೆ ಹೊಡೆಯುತ್ತಾರೆ. ಕೊಕ್ಕರೆ, ಕಾಡುಕೋಳಿ, ನವಿಲು ಯಾವುದೇ ಆಗಲಿ, ಇದು ಬೇಟೆ. ನವಿಲು ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅದನ್ನು ಕೊಂದರೆ ಕನಿಷ್ಠ 3 ವರ್ಷ ಜೈಲು. ಕಾಗೆಗೆ ಹೊಡೆದರೆ ಏನೂ ಇಲ್ಲ ಎಂದು ಹಳಬರು ಹೇಳುವುದುಂಟು. ಕಾಗೆಯನ್ನು ಉಪದ್ರವದ ಪ್ರಾಣಿ ಎಂದು ಸೇರಿಸಿದ್ದ ಆ ಪ್ರತ್ಯೇಕ ಪಟ್ಟಿಯನ್ನೇ 2022ರ ತಿದ್ದುಪಡಿ ತೆಗೆದುಹಾಕಿದೆ.

ಕಾನೂನಿಗಿಂತ ಮೊದಲೇ ನಮ್ಮ ದೀನ್ ಈ ಬಗ್ಗೆ ಹೇಳಿದೆ. ಅಂಬೆಸೆಯುವ ವಿದ್ಯೆಯನ್ನು ಪ್ರವಾದಿ (ಸ) ಪ್ರೋತ್ಸಾಹಿಸಿದರು, ಕಲಿತು ಬಿಟ್ಟವರನ್ನು ಆಕ್ಷೇಪಿಸಿದರು. ಹಾಗೆಯೇ ಜೀವ ಇರುವ ಯಾವುದನ್ನೂ ಗುರಿಗೆ ಇಡಬಾರದೆಂದು ತಡೆದರು. ಹಕ್ಕಿಯೊಂದನ್ನು ಕಟ್ಟಿಹಾಕಿ ಬಾಣ ಬಿಡುತ್ತಿದ್ದ ಹುಡುಗರು ಅಬ್ದುಲ್ಲಾ ಬಿನ್ ಉಮರ್ (ರ) ಬರುವುದನ್ನು ಕಂಡು ಚದುರಿ ಓಡಿದ ಘಟನೆ ಹದೀಸ್ ಗ್ರಂಥಗಳಲ್ಲಿದೆ. ಸುಮ್ಮನೆ ಕಲ್ಲುಹರಳು ಚಿಮ್ಮಿಸುವ ಆಟವನ್ನೂ ಪ್ರವಾದಿಯವರು ಬೇಡವೆಂದರು. ಅದರಿಂದ ಬೇಟೆಯೂ ಆಗದು, ಶತ್ರುವಿಗೂ ತಾಗದು, ಹಲ್ಲು ಮುರಿಯುತ್ತದೆ, ಕಣ್ಣು ಹೋಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಟೆರೇಸಿನ ಏರ್‌ಗನ್‌ಗೂ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಪೆಲೆಟ್ ಬಡಿದು, ಝಬಹ್ ಮಾಡುವ ಮೊದಲೇ ಸತ್ತ ಹಕ್ಕಿ ಹಲಾಲ್ ಅಲ್ಲ ಎಂಬುದನ್ನೂ ಹುಡುಗರಿಗೆ ಉಸ್ತಾದರೇ ತಿಳಿಸಿ ಹೇಳಲಿ.

ಹಾಗಾದರೆ ಎಲ್ಲಿ?

ಸರಿಯಾದ ಉತ್ತರ ಶೂಟಿಂಗ್ ರೇಂಜ್. ರೈಫಲ್ ರೇಂಜ್ ಅಂದ ಕೂಡಲೇ ನಾವು ಮಿಲಿಟರಿ ಮೈದಾನವನ್ನು ನೆನೆಯುತ್ತೇವೆ. ಒಲಿಂಪಿಕ್ಸಿನ ಏರ್ ರೈಫಲ್, ಏರ್ ಪಿಸ್ತೂಲು ಸ್ಪರ್ಧೆಗೆ ಬೇಕಾದ ದೂರ ಬರೇ 10 ಮೀಟರ್. ಅಲ್ಲಿ ಬಳಸುವುದೂ ಅದೇ 4.5 ಮಿಲಿಮೀಟರ್ ಪೆಲೆಟ್. ಉದ್ದದ ಒಂದು ಹಾಲ್ ಇದ್ದರೆ ಒಳಗೇ ಆಡುವ ಆಟ. ಏರ್ ರೈಫಲ್ ಗುರಿಹಲಗೆಯ ನಡುವಿನ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಅರ್ಹತಾ ಸುತ್ತಿನಲ್ಲಿ 75 ನಿಮಿಷದೊಳಗೆ 60 ಗುಂಡು. ಉಸಿರು ಹಿಡಿತಕ್ಕೆ ಬಾರದವನಿಗೆ ಇಲ್ಲಿ ಅಂಕ ಬರುವುದಿಲ್ಲ.

ಅಭಿನವ್ ಬಿಂದ್ರಾ 2008ರಲ್ಲಿ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು ಇದೇ 10 ಮೀಟರ್ ಏರ್ ರೈಫಲಿನಲ್ಲಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ನಮ್ಮದೇ ರಾಜ್ಯದ ದಿವ್ಯಾ ಟಿ.ಎಸ್. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಏರ್ ಪಿಸ್ತೂಲಿನ ತಂಡ ವಿಭಾಗದಲ್ಲೂ ಮಿಶ್ರ ಜೋಡಿಯಲ್ಲೂ ಬೆಳ್ಳಿ ತಂದರು. ಇದು ನಮ್ಮ ಹೆಣ್ಣುಮಕ್ಕಳಿಗೂ ಒಪ್ಪುವ ಆಟ. ಮೈತುಂಬ ಬಟ್ಟೆ ತೊಟ್ಟು, ನಿಂತಲ್ಲೇ ನಿಂತು ಆಡುವ ಆಟವಿದು.

ರೇಂಜ್ ಹುಡುಕುವ ದಾರಿ ಕಷ್ಟದ್ದಲ್ಲ. ಜಿಲ್ಲೆಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಗೆ ಹೋಗಿ, ರಾಜ್ಯ ರೈಫಲ್ ಅಸೋಸಿಯೇಶನ್‌ನ ಮಾನ್ಯತೆ ಇರುವ ಕ್ಲಬ್ ಹತ್ತಿರ ಎಲ್ಲುಂಟು ಎಂದು ಕೇಳಬೇಕು. ಕ್ಲಬ್ಬಿಗೆ ಸೇರಿಸುವ ಮೊದಲು ತಂದೆಯೋ ತಾಯಿಯೋ ಒಮ್ಮೆ ಹೋಗಿ ನೋಡಬೇಕು. ಕೋಚ್ ಎದುರಿಗೆ ಇರುತ್ತಾರೆಯೇ, ಅವರ ಅಪ್ಪಣೆ ಬಂದ ಮೇಲೆ ಮಾತ್ರ ಗುಂಡು ತುಂಬುತ್ತಾರೆಯೇ, ಗುಂಡನ್ನು ಹಿಡಿದಿಡುವ ತಡೆ ಸರಿ ಇದೆಯೇ ಎಂದು ಗಮನಿಸಬೇಕು. ಮಗ ಕಾಲೇಜಿನಲ್ಲಿದ್ದರೆ ಎನ್‌ಸಿಸಿಗೆ ಸೇರಬಹುದು. ಫೈರಿಂಗ್ ಅಲ್ಲಿಯ ತರಬೇತಿಯ ಭಾಗವೇ.

ಸ್ವಂತ ಕಂಪೌಂಡಿನೊಳಗೇ ಅಭ್ಯಾಸ ಮಾಡುವ ಅನುಕೂಲ ಕೆಲವರಿಗಿರಬಹುದು. ಅಲ್ಲಿ ಒಂದೇ ಸೂತ್ರ: ಒಂದು ಗುಂಡೂ ಗಡಿ ದಾಟಬಾರದು. ಗುರಿಯ ಹಿಂದೆ ಮರಳು ತುಂಬಿದ ಚೀಲಗಳ ದಪ್ಪ ಅಡ್ಡ ಇರಲಿ, ಅದರ ಹಿಂದೆ ದಾರಿಯೋ ಮನೆಯೋ ಬೇಡ. ದೊಡ್ಡವರು ಎದುರಿಗೇ ನಿಲ್ಲಲಿ. ಕಣ್ಣಿಗೆ ಕನ್ನಡಕ ಇರಲಿ. ಪೆಲೆಟ್ ಸೀಸದ್ದು, ಬಾಯಲ್ಲಿ ಇಟ್ಟುಕೊಳ್ಳಬಾರದು, ಆಟ ಮುಗಿದ ಮೇಲೆ ಕೈ ಸೋಪು ಹಾಕಿ ತೊಳೆಯಬೇಕು. ಖಾಲಿ ಕೋವಿಯನ್ನೂ ತಮಾಷೆಗೆ ಯಾರತ್ತಲೂ ತೋರಿಸಬಾರದು. ಒಡಹುಟ್ಟಿದವನಿಗೂ ಆಯುಧ ತೋರಿಸಬಾರದೆಂದು ಹದೀಸ್ ಎಚ್ಚರಿಸಿದೆ. ಆಟ ಮುಗಿದ ಮೇಲೆ ಕೋವಿ ಕಪಾಟಿನಲ್ಲಿ, ಬೀಗದ ಕೈ ತಂದೆತಾಯಿಯ ಕೈಯಲ್ಲಿ. ಸಾಗಿಸುವಾಗ ಖಾಲಿ ಮಾಡಿ, ಚೀಲದೊಳಗೆ ಹಾಕಿ, ಬಿಲ್ ಜೊತೆಗಿರಲಿ.

ಜಮಾಅತ್‌ಗಳಿಗೊಂದು ಮಾತು

ನಮ್ಮವರು ಕಟ್ಟಿದ ಶಾಲೆ, ಕಾಲೇಜುಗಳು ಇಂದು ಊರೂರಲ್ಲಿ ಉಂಟು. ಹಾಲ್‌ಗಳೂ ಉಂಟು. ಅವುಗಳಲ್ಲಿ ಒಂದೆರಡರಲ್ಲಾದರೂ ರೈಫಲ್ ಅಸೋಸಿಯೇಶನ್‌ನವರನ್ನು ಕರೆಸಿ, ಅವರು ಹೇಳುವ ಸುರಕ್ಷತೆಯ ಏರ್ಪಾಡು ಮಾಡಿ, ಪೊಲೀಸ್ ಠಾಣೆಗೆ ಮಾಹಿತಿ ಕೊಟ್ಟು, ನಾಲ್ಕು ಲೇನಿನ 10 ಮೀಟರ್ ರೇಂಜ್ ಮಾಡಬಹುದಲ್ಲವೇ? ಎಲ್ಲ ಧರ್ಮದ ಮಕ್ಕಳೂ ಅಲ್ಲಿ ಬಂದು ಕಲಿಯಲಿ. ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಟೂರ್ನಮೆಂಟಿಗೆ ನಾವು ಎಷ್ಟು ಖರ್ಚು ಮಾಡುತ್ತೇವೆ ಎಂದು ಎಲ್ಲರಿಗೂ ಗೊತ್ತು.

ಬೇಡ ಎಂದು ಕೋವಿ ಕಿತ್ತಿಟ್ಟರೆ ಹುಡುಗ ಗೆಳೆಯನ ಕೋವಿ ಹಿಡಿದು ಗುಡ್ಡೆಗೆ ಹೋಗುತ್ತಾನೆ. ಸರಿಯಾದ ಜಾಗ ತೋರಿಸಿದರೆ ರೇಂಜಿಗೆ ಹೋಗುತ್ತಾನೆ. ಮುಂದಿನ ರಜೆಗೆ ಮೊದಲು ಆ ಜಾಗವನ್ನು ತೋರಿಸುವ ಕೆಲಸ ದೊಡ್ಡವರಾದ ನಮ್ಮದು.